ಊಟ ತನ್ನಿಚ್ಛೆ, ಸಿನಿಮಾ ಯಾರಿಚ್ಛೆ?

ಶನಿವಾರದ ಮೇಸ್ತ್ರಿ (ಬುಧವಾರ, ರಾತ್ರಿ 9:10)

ನಾವು ಆರು ಜನ. ಕಾಲೇಜಿನಿಂದ ಜೊತೆಗಿದ್ದವರು. ಈಗ ಒಬ್ಬೊಬ್ಬರದು ಒಂದೊಂದು ಕೆಲಸ, ಒಂದೊಂದು ವೇಳೆ. ಎರಡು ತಿಂಗಳಿಗೊಮ್ಮೆ ಹೇಗೋ ಒಂದು ಶನಿವಾರ ಎಲ್ಲರಿಗೂ ಬಿಡುವಾಗುತ್ತದೆ. ಊಟ, ಸಿನಿಮಾ, ಅಷ್ಟೇ ಕಾರ್ಯಕ್ರಮ. ಅದನ್ನು ಹೊಂದಿಸುವ ಮೇಸ್ತ್ರಿ ಕೆಲಸ ಯಾವಾಗಲೂ ನನ್ನ ತಲೆಗೇ ಬರುತ್ತದೆ.

ಹೋದ ಸಲ ಪೂರಾ ಕೆಟ್ಟಿತು. ಯಾವ ಸಿನಿಮಾ ಅಂತ ಕೇಳಿದರೆ ಎಲ್ಲರೂ "ಯಾವುದಾದ್ರೂ ಸರಿ" ಅಂದರು. ಕೊನೆಗೆ ಒಬ್ಬಳು ಒಂದು ಹೆಸರು ಹೇಳಿದಳು, ಉಳಿದವರು ಹ್ಞೂಂ ಅಂದೆವು. ಸಿನಿಮಾ ಮುಗಿದು ಹೊರಗೆ ಬಂದಾಗ ಗೊತ್ತಾಯಿತು, ಅದನ್ನು ನೋಡಬೇಕು ಅಂತ ಒಬ್ಬರಿಗೂ ಇರಲಿಲ್ಲ. ಹೆಸರು ಹೇಳಿದವಳಿಗೂ! "ನೀವೆಲ್ಲ ಸುಮ್ನೆ ಕೂತಿದ್ರಿ, ಅದಕ್ಕೆ ಬಾಯಿಗೆ ಬಂದದ್ದು ಹೇಳಿದೆ" ಅಂದಳು. ಊಟದ ಜಾಗ ತಲುಪುವಷ್ಟರಲ್ಲಿ ಅಡುಗೆಮನೆ ಮುಚ್ಚುವ ಹೊತ್ತು. ಸಿಕ್ಕಿದ್ದು ತಿಂದು ಬಿಲ್ಲನ್ನು ಆರು ಪಾಲು ಮಾಡಿದೆವು. ಒಬ್ಬ ಮುಖ ಊದಿಸಿಕೊಂಡೇ ಮನೆಗೆ ಹೋದ.

ಈ ಶನಿವಾರ ಮತ್ತೆ ಹೊರಟಿದ್ದೇವೆ. ಮೊದಲು ಊಟವೋ ಸಿನಿಮಾವೋ? ಸಿನಿಮಾ ಆರಿಸುವುದು ಹೇಗೆ? ಬಿಲ್ಲು ಹೇಗೆ? ಅನುಭವ ಇದ್ದವರು ಹೇಳಿ.

ಮೊದಲು ಹೊಟ್ಟೆ

ಇದರಲ್ಲಿ ಕೇಳುವುದೇನಿದೆ? ಊಟ ಮೊದಲು. ಹಸಿದುಕೊಂಡು ಕೂತರೆ ಪರದೆ ಮೇಲೆ ಯಾರು ಸತ್ತರೂ ನನಗೆ ತಟ್ಟೆಯದ್ದೇ ಯೋಚನೆ.

ನೀರು ಸಾಕು

ಹೊಟ್ಟೆ ತುಂಬ ತಿಂದು, ಕತ್ತಲಲ್ಲಿ, ಮೆತ್ತನೆ ಕುರ್ಚಿಯಲ್ಲಿ ಕೂತರೆ ಏನಾಗುತ್ತದೆ ಅಂತ ನನ್ನ ಹೆಂಡತಿಯನ್ನು ಕೇಳಿ. ನಾನು "ನೋಡಿದ" ಅರ್ಧಕ್ಕರ್ಧ ಸಿನಿಮಾಗಳ ಕೊನೆ ನನಗೆ ಗೊತ್ತಿರುವುದು ಅವಳು ಹೇಳಿದ್ದರಿಂದ.

ಮೊದಲು ಹೊಟ್ಟೆ

ಹಾಗಾದರೆ ಅರ್ಧ ಹೊಟ್ಟೆ ತಿನ್ನಿ.

ನೀರು ಸಾಕು

ಗೆಳೆಯರ ಜೊತೆ ಕೂತು ಅರ್ಧ ಹೊಟ್ಟೆಗೆ ಎದ್ದವರನ್ನು ನಾನಿನ್ನೂ ನೋಡಿಲ್ಲ.

ಪ್ರೊಜೆಕ್ಟರ್ ಹಿಂದಿನವ (ಬುಧವಾರ, ರಾತ್ರಿ 10:25)

ಸುಮಾರು ವರ್ಷ ಚಿತ್ರಮಂದಿರದಲ್ಲಿ ಕೆಲಸ ಮಾಡಿದ್ದೇನೆ. ಈ ಜಗಳವನ್ನು ಗಡಿಯಾರಕ್ಕೆ ಬಿಡಿ. ಎರಡರಲ್ಲಿ ಸಿನಿಮಾ ಮಾತ್ರ ಯಾರಿಗೂ ಕಾಯುವುದಿಲ್ಲ. ಊಟವನ್ನು ಹತ್ತು ನಿಮಿಷ ಆಚೆ ಈಚೆ ಎಳೆಯಬಹುದು.

ಎರಡೂವರೆ ಗಂಟೆಯ ಸಿನಿಮಾ ಅಂತಿಟ್ಟುಕೊಳ್ಳಿ. ಅದು ಸಿನಿಮಾದ್ದಷ್ಟೇ ಲೆಕ್ಕ. ಮೊದಲು ಬರುವ ಜಾಹೀರಾತು, ಬರಲಿರುವ ಸಿನಿಮಾಗಳ ತುಣುಕು ಅದರಲ್ಲಿ ಸೇರಿಲ್ಲ. ಇಂಟರ್ವಲ್ ಕೊಡುವ ಕಡೆ ಅದೂ ಸೇರಿಲ್ಲ. ಕಾಲು ಗಂಟೆ ಹೆಚ್ಚಿಗೆ ಹಿಡಿಯಿರಿ. ಆಮೇಲೆ ಆರು ಜನ ಶೌಚಾಲಯಕ್ಕೆ ಹೋಗಿ, ಒಬ್ಬರನ್ನೊಬ್ಬರು ಹುಡುಕಿಕೊಂಡು ಹೊರಗೆ ಬರುವುದಕ್ಕೆ ಇನ್ನೊಂದು ಕಾಲು ಗಂಟೆ. ನಗಬೇಡಿ, ದಿನಾ ನೋಡಿದ್ದೇನೆ. 7 ಗಂಟೆ ಆಟಕ್ಕೆ ಹೋದರೆ ನೀವು ರಸ್ತೆಗೆ ಬೀಳುವುದು 10ಕ್ಕೆ. ಹೋದ ಸಲ ನಿಮಗಾದದ್ದು ಇದೇ ಇರಬೇಕು.

ಊಟ ಮೊದಲು ಅಂದರೆ 9ರ ಆಟಕ್ಕೆ ಆರೂವರೆಗೇ ಕೂರಬೇಕು. ಆರು ಜನರಿಗೆ ಕೂತು, ಹೇಳಿ, ಬಂದು, ತಿಂದು, ಬಿಲ್ಲು ಕೊಟ್ಟು ಏಳಲು ಎರಡು ಗಂಟೆ ಬೇಕೇ ಬೇಕು. ಕೊನೆಯ ಅರ್ಧ ಗಂಟೆ ಎಲ್ಲರ ಕಣ್ಣೂ ಗಡಿಯಾರದ ಮೇಲೆ. ಮಾತು ರಂಗೇರುವ ಹೊತ್ತಿಗೆ "ಏಳ್ರಪ್ಪ, ಶುರುವಾಗುತ್ತೆ" ಅನ್ನಬೇಕು. ಅದಕ್ಕಿಂತ ಪಾಪ ಇನ್ನೊಂದಿಲ್ಲ.

ನನ್ನ ಮಾತು ಕೇಳಿದರೆ 4 ಗಂಟೆ ಆಟಕ್ಕೆ ಹೋಗಿ. ಏಳಕ್ಕೆಲ್ಲ ಹೊರಗೆ. ನಿದ್ದೆಯ ಹೊತ್ತೂ ಅಲ್ಲ, ಹಸಿವಿನ ಹೊತ್ತೂ ಅಲ್ಲ. ಊಟಕ್ಕೆ ಕೊನೆ ಅಂತ ಇರುವುದಿಲ್ಲ, ಮಾತಾಡಲು ವಿಷಯವೂ ಕೈಯಲ್ಲಿರುತ್ತದೆ.

ಕೊನೇ ಬಸ್

ದೂರದಿಂದ ಬರುವವರ ಪರವಾಗಿ ನನ್ನದೊಂದು ವೋಟು 4 ಗಂಟೆಗೆ. ಹತ್ತಿರ ಮನೆ ಇರುವವರೇ ಯಾವಾಗಲೂ ರಾತ್ರಿ ಆಟ ಅನ್ನುವುದು.

ಅರ್ಧ ಓದಿದವ (ಬುಧವಾರ, ರಾತ್ರಿ 11:02)

ಮೇಸ್ತ್ರಿಯವರೇ, ನಿಮ್ಮ ಹೋದ ಸಲದ ಕಥೆಗೆ ಒಂದು ಹೆಸರೇ ಇದೆ. ಅಬಿಲೀನ್ ವಿರೋಧಾಭಾಸ ಅಂತ. ಜೆರ್ರಿ ಹಾರ್ವೆ ಅನ್ನುವ ಆಡಳಿತಶಾಸ್ತ್ರದ ಪ್ರಾಧ್ಯಾಪಕರು 1974ರಲ್ಲಿ ಬರೆದದ್ದು. ಅದು ಹುಟ್ಟಿದ್ದೂ ಒಂದು ಊಟದಿಂದಲೇ.

ಅಮೆರಿಕದ ಟೆಕ್ಸಸ್‌ನಲ್ಲಿ ಕೋಲ್ಮನ್ ಅಂತ ಒಂದು ಸಣ್ಣ ಊರು. ಹಾರ್ವೆ ಅಲ್ಲಿ ಹೆಂಡತಿಯ ಅಪ್ಪ ಅಮ್ಮನ ಮನೆಯಲ್ಲಿದ್ದರು. 40 ಡಿಗ್ರಿ ಬಿಸಿಲು, ಧೂಳು. ಆದರೂ ಜಗಲಿಯಲ್ಲಿ ಫ್ಯಾನ್ ತಿರುಗುತ್ತಿದೆ, ನಾಲ್ಕು ಜನ ಡಾಮಿನೋ ಆಡುತ್ತ ಆರಾಮವಾಗಿದ್ದಾರೆ. ಆಗ ಮಾವ "ಅಬಿಲೀನ್‌ಗೆ ಹೋಗಿ ಊಟ ಮಾಡಿ ಬರೋಣ್ವಾ?" ಅಂದರು. ಅಬಿಲೀನ್ ಅಂದರೆ 53 ಮೈಲಿ ದೂರ, ಸುಮಾರು 85 ಕಿಲೋಮೀಟರ್. ಕಾರಿನಲ್ಲಿ ಎ.ಸಿ. ಇಲ್ಲ. ಹಾರ್ವೆಗೆ ಒಳಗೊಳಗೇ ಬೇಡ. ಆದರೆ ಹೆಂಡತಿ "ಆಗಲಿ" ಅಂದರು. ಇವರೂ "ನನಗೂ ಸರಿ, ಅತ್ತೆಗೆ ಮನಸ್ಸಿದ್ದರೆ" ಅಂದರು. ಅತ್ತೆ "ಮನಸ್ಸಿಲ್ಲದೆ ಏನು" ಅಂದರು. ಹೊರಟರು.

ನಾಲ್ಕು ಗಂಟೆ ಬಿಟ್ಟು ಬೆವರು, ಧೂಳು ಮೆತ್ತಿಕೊಂಡು ವಾಪಸ್ಸು. ಊಟವೂ ಕೆಟ್ಟದಾಗಿತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅತ್ತೆ "ನನಗೇನೂ ಹೋಗಬೇಕು ಅಂತ ಇರಲಿಲ್ಲ, ನೀವೆಲ್ಲ ಹೊರಟಿರಿ ಅಂತ ಬಂದೆ" ಅಂದರು. ಅಲ್ಲಿಂದ ಒಬ್ಬೊಬ್ಬರಾಗಿ ಅದನ್ನೇ ಹೇಳಿದರು. ಮಾವನೂ ಅಷ್ಟೇ. ನಿಮಗೆಲ್ಲ ಬೇಜಾರಾಗಿರಬಹುದು ಅಂತ ಕೇಳಿದ್ದು ಅಂದರು!

ಜಗಳ ಬಿಡಿಸುವುದು ನಮಗೆ ಗೊತ್ತು. ಸುಳ್ಳು ಒಪ್ಪಿಗೆಯನ್ನು ಬಿಡಿಸುವುದು ಗೊತ್ತಿಲ್ಲ. ಹಾರ್ವೆ ಹೇಳಿದ್ದು ಹೆಚ್ಚುಕಡಿಮೆ ಅದು.

ಸುಮ್ನೆ ಬಂದೆ

ಅಂದರೆ ನಮ್ಮ ಮನೆಯ ಪ್ರತಿ ಭಾನುವಾರ.

ಶನಿವಾರದ ಮೇಸ್ತ್ರಿ (ಗುರುವಾರ, ಬೆಳಗ್ಗೆ 7:40)

ಓದಿ ಮೈ ಜುಮ್ಮೆಂದಿತು. ಆ ಮಾವ ಥೇಟ್ ನಮ್ಮವಳೇ. "ಯಾವುದಾದ್ರೂ ಸರಿ" ಅನ್ನುವುದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ನಾನು ಅದನ್ನು ದೊಡ್ಡ ಮನಸ್ಸು ಅಂದುಕೊಂಡಿದ್ದೆ. 4 ಗಂಟೆ ಆಟಕ್ಕೆ ಎಲ್ಲರೂ ಒಪ್ಪಿದ್ದಾರೆ. ನಿಜವಾಗಿ ಒಪ್ಪಿದ್ದಾರಾ ಅಂತ ಈಗ ಅನುಮಾನ ಶುರುವಾಗಿದೆ. ಸಿನಿಮಾಗೆ ವೋಟು ಹಾಕಿಸಿಬಿಡಲಾ?

ಲೆಕ್ಕದ ಮೇಷ್ಟ್ರು (ಗುರುವಾರ, ಬೆಳಗ್ಗೆ 8:15)

ತಡೀರಿ. ವೋಟು ಅಂದ ತಕ್ಷಣ ನ್ಯಾಯ ಸಿಕ್ಕಿತು ಅಂದುಕೊಳ್ಳಬೇಡಿ. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ.

ಮೂರು ಜನ, ಮೂರು ಸಿನಿಮಾ. ಒಂದು ಹಾಸ್ಯದ್ದು, ಒಂದು ಹೊಡೆದಾಟದ್ದು, ಒಂದು ದೆವ್ವದ್ದು. ಮೊದಲನೆಯವನಿಗೆ ಹಾಸ್ಯ ಎಲ್ಲಕ್ಕಿಂತ ಇಷ್ಟ, ಆಮೇಲೆ ಹೊಡೆದಾಟ, ಕೊನೆಗೆ ದೆವ್ವ. ಎರಡನೆಯವಳಿಗೆ ಹೊಡೆದಾಟ, ದೆವ್ವ, ಹಾಸ್ಯ ಈ ಕ್ರಮ. ಮೂರನೆಯವನಿಗೆ ದೆವ್ವ, ಹಾಸ್ಯ, ಹೊಡೆದಾಟ.

ಈಗ ಎರಡೆರಡನ್ನೇ ಎದುರುಬದುರು ನಿಲ್ಲಿಸಿ. ಹಾಸ್ಯವೋ ಹೊಡೆದಾಟವೋ ಅಂದರೆ ಹಾಸ್ಯಕ್ಕೆ ಎರಡು ವೋಟು. ಹೊಡೆದಾಟವೋ ದೆವ್ವವೋ ಅಂದರೆ ಹೊಡೆದಾಟಕ್ಕೆ ಎರಡು. ಹಾಗಾದರೆ ಹಾಸ್ಯವೇ ಗೆದ್ದ ಹಾಗಾಯಿತಲ್ಲ? ದೆವ್ವವೋ ಹಾಸ್ಯವೋ ಅಂತ ಕೇಳಿ ನೋಡಿ. ದೆವ್ವಕ್ಕೆ ಎರಡು! ಯಾವುದನ್ನು ಆರಿಸಿದರೂ ಮೂವರಲ್ಲಿ ಇಬ್ಬರಿಗೆ ಅದಕ್ಕಿಂತ ಒಳ್ಳೆಯದು ಇನ್ನೊಂದು ಇದ್ದೇ ಇದೆ. ಫ್ರಾನ್ಸಿನ ಗಣಿತಜ್ಞ ಕಾಂಡೋರ್ಸೆ ಇದನ್ನು 1785ರಲ್ಲೇ ಬರೆದಿಟ್ಟಿದ್ದಾನೆ. ಆಗ ಸಿನಿಮಾ ಇನ್ನೂ ಹುಟ್ಟಿರಲಿಲ್ಲ, ಜಗಳ ಹುಟ್ಟಿತ್ತು.

ನಾನು ಹೇಳುವುದು ಇಷ್ಟು. "ನಿಮಗೆ ಎಲ್ಲಕ್ಕಿಂತ ಇಷ್ಟ ಯಾವುದು" ಅಂತ ಕೇಳಬೇಡಿ. ನಾಲ್ಕು ಹೆಸರು ಕೊಟ್ಟು "ಇದರಲ್ಲಿ ಯಾವುದಕ್ಕೆಲ್ಲ ಖುಷಿಯಿಂದ ಬರುತ್ತೀರಿ" ಅಂತ ಕೇಳಿ. ಎಷ್ಟಕ್ಕೆ ಬೇಕಾದರೂ ಗುರುತು ಹಾಕಲಿ. ಜಾಸ್ತಿ ಗುರುತು ಬಿದ್ದದ್ದಕ್ಕೆ ಟಿಕೆಟ್ ತೆಗೆಯಿರಿ. ಯಾರೊಬ್ಬರ ಮೊದಲ ಆಯ್ಕೆ ಆಗದೇ ಹೋಗಬಹುದು, ಆದರೆ ಹಲ್ಲು ಕಚ್ಚಿ ಕೂರುವವರು ಕಡಿಮೆಯಾಗುತ್ತಾರೆ.

ಶನಿವಾರದ ಮೇಸ್ತ್ರಿ

ನಮ್ಮವರು ನಾಲ್ಕಕ್ಕೂ ಗುರುತು ಹಾಕುತ್ತಾರೆ ಮೇಷ್ಟ್ರೇ. ಬರೆದು ಕೊಡುತ್ತೇನೆ.

ಲೆಕ್ಕದ ಮೇಷ್ಟ್ರು

ಒಂದನ್ನಾದರೂ ಹೊಡೆದುಹಾಕಲೇಬೇಕು ಅಂತ ನಿಯಮ ಮಾಡಿ. ಮತ್ತೆ ಎಲ್ಲರ ಎದುರಿಗೆ ಹೇಳಿಸಬೇಡಿ, ನಿಮಗೊಬ್ಬರಿಗೇ ಮೆಸೇಜ್ ಮಾಡಲಿ. ಮೊದಲು ಬಾಯಿಬಿಟ್ಟವರ ಬಾಲ ಹಿಡಿಯುವುದು ಮನುಷ್ಯರ ಚಾಳಿ.

ಸುಮ್ನೆ ಬಂದೆ

ಒಂದು ಸಿನಿಮಾಗೆ ಇಷ್ಟೆಲ್ಲ ಚುನಾವಣೆಯಾ? ನಮ್ಮಲ್ಲಿ ಸರದಿ ಇದೆ. ಈ ಸಲ ನೀನು ಆರಿಸು, ಮುಂದಿನ ಸಲ ನಾನು. ಆರಿಸಿದವರನ್ನು ಬೈಯುವ ಹಾಗಿಲ್ಲ. ಕೆಲವು ಸಲ ಭಯಂಕರ ಕೆಟ್ಟ ಸಿನಿಮಾ ನೋಡಿದ್ದೇವೆ. ಈಗಲೂ ಅದನ್ನೇ ಹೇಳಿಕೊಂಡು ನಗುತ್ತೇವೆ.

ಲೆಕ್ಕದ ಮೇಷ್ಟ್ರು

ನಿಮ್ಮದು ನನ್ನದಕ್ಕಿಂತ ಸುಲಭ, ಒಪ್ಪಿದೆ. ಆದರೆ ಎರಡು ತಿಂಗಳಿಗೊಮ್ಮೆ ಸೇರುವ ಆರು ಜನರಲ್ಲಿ ಒಬ್ಬರ ಸರದಿ ವರ್ಷಕ್ಕೊಮ್ಮೆ ಬರುತ್ತದೆ.

ಕೊನೇ ಬಸ್ (ಗುರುವಾರ, ಮಧ್ಯಾಹ್ನ 1:30)

ಒಂದು ಮೂಲ ಪ್ರಶ್ನೆ. ಎರಡು ತಿಂಗಳಿಗೊಮ್ಮೆ ಸಿಗುತ್ತೀರಿ. ಅದರಲ್ಲಿ ಮೂರು ಗಂಟೆ ಕತ್ತಲಲ್ಲಿ ಬಾಯಿ ಮುಚ್ಚಿಕೊಂಡು ಪಕ್ಕಪಕ್ಕ ಕೂರುವುದು ಎಂಥ ಭೇಟಿ? ಊಟ ಮಾಡಿ, ಸ್ವಲ್ಪ ಅಡ್ಡಾಡಿ ಬನ್ನಿ. ಸಿನಿಮಾ ಮನೆಯಲ್ಲೂ ನೋಡಬಹುದು.

ಅರ್ಧ ಓದಿದವ

ಇದಕ್ಕೂ ಒಂದು ಪ್ರಯೋಗ ಇದೆ.

ಸುಮ್ನೆ ಬಂದೆ

ಇದ್ದೇ ಇರುತ್ತದೆ ಬಿಡಿ.

ಅರ್ಧ ಓದಿದವ

ನಗಿ ನಗಿ. 2014ರದ್ದು. ಇಬ್ಬರನ್ನು ಅಕ್ಕಪಕ್ಕ ಕೂರಿಸಿ ಚಾಕಲೇಟ್ ತಿನ್ನಿಸಿದರು. ಮಾತಾಡುವ ಹಾಗಿಲ್ಲ. ಪಕ್ಕದವರೂ ಅದೇ ಚಾಕಲೇಟ್ ತಿನ್ನುತ್ತಿದ್ದಾರೆ ಅಂತ ಗೊತ್ತಿದ್ದಾಗ ಜನ ಅದಕ್ಕೆ ಜಾಸ್ತಿ ರುಚಿ ಇದೆ ಅಂದರು. ಪಕ್ಕದವರು ಬೇರೇನೋ ಮಾಡುತ್ತಿದ್ದಾಗ ಅದೇ ಚಾಕಲೇಟ್ ಅಷ್ಟು ರುಚಿಸಲಿಲ್ಲ. ಬಾಯಿ ಮುಚ್ಚಿಕೊಂಡು ಜೊತೆಗಿರುವುದೂ ಜೊತೆಯೇ. ಕಿರಿಕಿರಿ ಏನೆಂದರೆ, ತೀರಾ ಕಹಿ ಚಾಕಲೇಟ್ ಕೊಟ್ಟಾಗ ಜೊತೆಯಲ್ಲಿ ತಿಂದವರಿಗೆ ಅದು ಇನ್ನೂ ಕಹಿ ಅನಿಸಿತು. ಹೋದ ಸಲ ಮೇಸ್ತ್ರಿಯವರಿಗಾದದ್ದು ಅದು.

ಕೊನೇ ಬಸ್

ಚಾಕಲೇಟ್ ತಿನ್ನಲು ಮೂರು ಗಂಟೆ ಬೇಡ. ಆದರೂ ಸರಿ, ಅರ್ಧ ಒಪ್ಪಿದೆ.

ಪ್ರೊಜೆಕ್ಟರ್ ಹಿಂದಿನವ (ಗುರುವಾರ, ಸಂಜೆ 6:50)

ಟಿಕೆಟ್ ತೆಗೆಯುವಾಗ ಒಂದು ನೆನಪಿಡಿ. ಪರದೆಯಿಂದ ಹಿಂಗೋಡೆವರೆಗಿನ ದೂರದಲ್ಲಿ ಮೂರರಲ್ಲಿ ಎರಡು ಭಾಗ ಹಿಂದಕ್ಕೆ ಬನ್ನಿ, ನಡುವೆ ಕೂರಿ. ಧ್ವನಿಯನ್ನು ಹದ ಮಾಡುವವರು ಸಾಮಾನ್ಯವಾಗಿ ಮೈಕ್ ಇಡುವುದು ಆ ಆಸುಪಾಸಿನಲ್ಲೇ. ಕೊನೇ ಸಾಲು ಗಮ್ಮತ್ತು ಅಂತ ಓಡುವವರಿಗೆ ಗೋಡೆಗೆ ತಾಗಿ ಬರುವ ಸದ್ದು ಜಾಸ್ತಿ. ಮುಂದಿನ ಸಾಲು ಬೇಡವೇ ಬೇಡ, ಕತ್ತು ಹೋಗುತ್ತದೆ.

ತ್ರೀ-ಡಿ ಆದರೆ ಆ ಕನ್ನಡಕವೇ ಬೆಳಕಿನ ದೊಡ್ಡ ಪಾಲನ್ನು ತಿಂದುಹಾಕುತ್ತದೆ. ತುಂಬ ರಾತ್ರಿ ದೃಶ್ಯಗಳಿರುವ ಸಿನಿಮಾಗೆ ನಾನಂತೂ ಸಾದಾ ಆಟವನ್ನೇ ಹೇಳುತ್ತೇನೆ. ಗುಂಪಿನಲ್ಲಿ ಯಾರಿಗಾದರೂ ಮಂಡಿ ನೋವೋ, ಮಧ್ಯೆ ಎದ್ದು ಹೋಗಬೇಕಾದ ತೊಂದರೆಯೋ ಇದ್ದರೆ ಅವರಿಗೆ ಅಂಚಿನ ಸೀಟು ಕೊಡಿ. ಕೇಳಿ ಕೊಡಿ, ಅವರಾಗಿ ಹೇಳುವುದಿಲ್ಲ.

ನೀರು ಸಾಕು (ಗುರುವಾರ, ರಾತ್ರಿ 8:20)

ಬಿಲ್ಲಿನ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನಾನು ಮಾತಾಡುತ್ತೇನೆ. ನಾನು ಕುಡಿಯುವುದಿಲ್ಲ. ಸಿಹಿಯೂ ಮುಟ್ಟುವುದಿಲ್ಲ. ವರ್ಷಗಟ್ಟಲೆ ಸಮಪಾಲು ಕೊಟ್ಟಿದ್ದೇನೆ. ಒಂದು ಸಲ ಮನೆಗೆ ಬಂದು ಲೆಕ್ಕ ಹಾಕಿದೆ. ನಾನು ತಿಂದದ್ದಕ್ಕೆ ಸರಿಯಾಗಿ ಎರಡರಷ್ಟು ಕೊಟ್ಟಿದ್ದೆ. ಬಾಯಿ ಬಿಟ್ಟರೆ ಜಿಪುಣ ಅನ್ನುತ್ತಾರೆ ಅಂತ ಸುಮ್ಮನಿದ್ದೆ. ಆಮೇಲೆ ಹೋಗುವುದನ್ನೇ ಕಡಿಮೆ ಮಾಡಿದೆ. ಯಾಕೆ ಬರಲ್ಲ ಅಂತ ಕೇಳಿದರೆ "ಕೆಲಸ" ಅಂತ ಸುಳ್ಳು.

ಮೊದಲು ಹೊಟ್ಟೆ

ಬೇಜಾರು ಮಾಡಿಕೊಳ್ಳಬೇಡಿ, ಗೆಳೆಯರ ನಡುವೆ ತುತ್ತು ಎಣಿಸುವುದು ನನಗೆ ಒಗ್ಗುವುದಿಲ್ಲ. ಇವತ್ತು ಅವನು ಜಾಸ್ತಿ ತಿಂದ, ನಾಳೆ ನಾನು ತಿನ್ನುತ್ತೇನೆ. ಸರಿಹೋಗುತ್ತದೆ.

ನೀರು ಸಾಕು

ಕುಡಿಯದವನಿಗೆ ಆ "ನಾಳೆ" ಬರುವುದೇ ಇಲ್ಲವಲ್ಲ ಸ್ವಾಮಿ.

ಅರ್ಧ ಓದಿದವ

ಇದು ಕೊನೆಯ ಪ್ರಯೋಗ, ಆಣೆ. 2004ರಲ್ಲಿ ಪ್ರಕಟವಾದದ್ದು, ಇಸ್ರೇಲಿನ ಹೈಫಾ ಊರಿನ ಒಂದು ರೆಸ್ಟೊರೆಂಟ್‌ನಲ್ಲಿ ಮಾಡಿದ್ದು. ಆರಾರು ಜನರ ಗುಂಪು, ನಿಮ್ಮ ಹಾಗೇ. ಕೆಲವು ಗುಂಪಿಗೆ ಅವರವರ ಬಿಲ್ಲು ಅವರದ್ದು ಅಂದರು, ಕೆಲವಕ್ಕೆ ಸಮಪಾಲು, ಕೆಲವಕ್ಕೆ ಪೂರಾ ಬಿಟ್ಟಿ. ಸಮಪಾಲಿನವರು ತಮ್ಮ ಬಿಲ್ಲು ತಾವು ಕೊಟ್ಟವರಿಗಿಂತ ಮೂರನೇ ಒಂದು ಭಾಗಕ್ಕೂ ಜಾಸ್ತಿ ಬೆಲೆಯದ್ದನ್ನು ತರಿಸಿದರು. ಬಿಟ್ಟಿಯವರ ಕಥೆ ಕೇಳಲೇಬೇಡಿ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಮಜಾ ಏನೆಂದರೆ, ಮೊದಲೇ ಕೇಳಿದಾಗ ಹೆಚ್ಚಿನವರಿಗೆ ಬೇಕಾಗಿದ್ದದ್ದು ಅವರವರ ಬಿಲ್ಲೇ.

ಮೊದಲು ಹೊಟ್ಟೆ

ಅವರು ಗೆಳೆಯರಾ?

ಅರ್ಧ ಓದಿದವ

ಅಲ್ಲ, ಪರಿಚಯ ಇಲ್ಲದವರು. ಅಲ್ಲಿ ನಿಮ್ಮ ಮಾತಿಗೆ ಬೆಲೆ ಇದೆ.

ಟೇಬಲ್ ನಂಬರ್ 7 (ಗುರುವಾರ, ರಾತ್ರಿ 11:45)

ಈಗ ಕೆಲಸ ಮುಗಿಸಿ ಬಂದೆ. ಊಟ ಬಡಿಸುವವಳ ಕಡೆಯಿಂದ ಕೆಲವು ಮಾತು.

ಬಿಲ್ಲು ಬೇರೆ ಬೇರೆ ಬೇಕಾದರೆ ಆರ್ಡರ್ ಹೇಳುವ ಮೊದಲೇ ಹೇಳಿ. ನಾವು ಕುರ್ಚಿಯ ಲೆಕ್ಕದಲ್ಲಿ ಬರೆದುಕೊಳ್ಳುತ್ತೇವೆ, ಕಷ್ಟವೇನಿಲ್ಲ. ಎಲ್ಲ ತಿಂದಾದ ಮೇಲೆ "ಇದು ಅವನದ್ದು, ಅದು ಅರ್ಧ ಇವಳದ್ದು" ಅಂತ ಶುರು ಮಾಡಿದರೆ ಮಾತ್ರ ತಲೆ ಕೆಡುತ್ತದೆ. ಮಧ್ಯೆ ಕುರ್ಚಿ ಬದಲಾಯಿಸಿದರೆ ನನಗೆ ಹೇಳಿ, ದಮ್ಮಯ್ಯ.

ನಾನು ನೋಡಿದ್ದರಲ್ಲಿ ಜಗಳ ಇಲ್ಲದೆ ಎದ್ದು ಹೋಗುವವರು ಯಾರು ಗೊತ್ತಾ? ನಡುವೆ ಇಟ್ಟು ಹಂಚಿಕೊಂಡದ್ದು ಸಮಪಾಲು, ಕುಡಿದದ್ದು ಅವರವರದ್ದು ಅನ್ನುವವರು. ನೀರು ಸಾಕು ಅವರಂಥವರು ಪ್ರತಿ ಟೇಬಲ್‌ನಲ್ಲೂ ಒಬ್ಬರಿರುತ್ತಾರೆ. ಬಿಲ್ಲು ಬಂದಾಗ ಅವರು ಫೋನ್ ನೋಡತೊಡಗುತ್ತಾರೆ. ನನಗೆ ಗೊತ್ತಾಗುತ್ತದೆ, ಪಕ್ಕದವರಿಗೆ ಗೊತ್ತಾಗುವುದಿಲ್ಲ.

ಯಾರಿಗಾದರೂ ಯಾವುದಾದರೂ ಪದಾರ್ಥ ಆಗಿಬರುವುದಿಲ್ಲ ಅಂದರೆ ಟೇಬಲ್ ಕಾದಿರಿಸುವಾಗಲೇ ತಿಳಿಸಿ. ಅಡುಗೆಮನೆ ಗಡಿಬಿಡಿಯಲ್ಲಿದ್ದಾಗ ಹೇಳಿದರೆ ತಪ್ಪಾಗುವ ಸಂಭವ ಜಾಸ್ತಿ. ಮತ್ತೆ ಆರು ಜನರೂ ಒಟ್ಟಿಗೆ ಹೇಳಿಬಿಡಿ. "ನಾನು ಆಮೇಲೆ ಹೇಳ್ತೀನಿ" ಅಂದವರ ತಟ್ಟೆ ಉಳಿದವರು ಕೈ ತೊಳೆಯುವಾಗ ಬರುತ್ತದೆ.

ಉದ್ದ ಟೇಬಲ್ ಬೇಡ, ದುಂಡಗಿನದ್ದು ಇದೆಯಾ ಕೇಳಿ. ಉದ್ದದ್ದರಲ್ಲಿ ಆ ತುದಿಯವರು ನಗುತ್ತಿದ್ದರೆ ಈ ತುದಿಯವರು "ಏನಂತೆ? ಏನಂತೆ?" ಅನ್ನುತ್ತಿರುತ್ತಾರೆ.

ಅರ್ಧ ಓದಿದವ

ಆಣೆ ಮುರಿಯುತ್ತಿದ್ದೇನೆ. ಡನ್‌ಬಾರ್ ಅನ್ನುವ ಸಂಶೋಧಕರು ಮತ್ತು ಜೊತೆಗಾರರು 1995ರಲ್ಲಿ ಇದನ್ನೇ ಬರೆದಿದ್ದಾರೆ. ಒಂದು ಹರಟೆಯಲ್ಲಿ ಸುಮಾರು 4 ಜನ ಹಿಡಿಸುತ್ತಾರೆ. ಐದನೆಯವರು ಬಂದರೆ ಅದು ಒಡೆದು ಎರಡಾಗುತ್ತದೆ. ಆರು ಜನ ಅಂದರೆ ಎರಡು ಹರಟೆ ಖಾತ್ರಿ. ನಡುವೆ ಒಮ್ಮೆ ಜಾಗ ಬದಲಾಯಿಸಿ.

ಟೇಬಲ್ ನಂಬರ್ 7

ಬದಲಾಯಿಸಿದರೆ ನನಗೆ ಹೇಳಿ ಅಂತ ಈಗ ತಾನೇ ದಮ್ಮಯ್ಯ ಹಾಕಿದೆ!

ಶನಿವಾರದ ಮೇಸ್ತ್ರಿ (ಭಾನುವಾರ, ಬೆಳಗ್ಗೆ 10:30)

ಹೋಗಿ ಬಂದೆವು. ವರದಿ ಕೊಡಲೇಬೇಕಲ್ಲ.

ನಾಲ್ಕು ಹೆಸರು ಕಳಿಸಿ, ಖುಷಿಯಿಂದ ಬರುವುದಕ್ಕೆಲ್ಲ ಗುರುತು ಹಾಕಿ, ಒಂದನ್ನು ಹೊಡೆಯಲೇಬೇಕು, ನನಗೊಬ್ಬಳಿಗೇ ಕಳಿಸಿ ಅಂದೆ. ಮೊದಲು ಬಂದ ಉತ್ತರ "ಯಾವುದಾದ್ರೂ ಸರಿ"! ವಾಪಸ್ ಕಳಿಸಿದೆ. ಆಮೇಲೆ ಬಂದದ್ದು ನೋಡಿ ಕೂತುಬಿಟ್ಟೆ. ಒಬ್ಬಳು ದೆವ್ವದ ಸಿನಿಮಾವನ್ನು ಹೊಡೆದು ಹಾಕಿ, "ನೋಡಿದರೆ ನಾಲ್ಕು ದಿನ ನಿದ್ದೆ ಬರಲ್ಲ" ಅಂತ ಬರೆದಿದ್ದಳು. ಈ ಹತ್ತು ವರ್ಷದಲ್ಲಿ ಅವಳನ್ನು ಎಷ್ಟು ದೆವ್ವದ ಸಿನಿಮಾಗೆ ಎಳೆದುಕೊಂಡು ಹೋಗಿದ್ದೇವೋ! ಒಮ್ಮೆಯೂ ಬಾಯಿ ಬಿಟ್ಟಿಲ್ಲ. ನಾವೂ ಕೇಳಿಲ್ಲ.

ಐದು ಗುರುತು ಬಿದ್ದ ಒಂದಕ್ಕೆ 4 ಗಂಟೆ ಆಟಕ್ಕೆ ಹೋದೆವು. ಹೇಳಿದ ಜಾಗದಲ್ಲೇ ಸೀಟು ಸಿಕ್ಕಿತು. ಸಿನಿಮಾ ಸುಮಾರಾಗಿತ್ತು. ಆದರೆ ಅದರ ಕೊನೆ ಸರಿಯಾ ತಪ್ಪಾ ಅಂತ ಇಬ್ಬರಿಗೆ ಬಾಗಿಲಲ್ಲೇ ಜಗಳ ಹತ್ತಿಕೊಂಡಿತು. ಅದು ಊಟ ಮುಗಿಯುವವರೆಗೂ ನಡೆಯಿತು. ನಾನಂತೂ ಸಿನಿಮಾಗಿಂತ ಅದನ್ನೇ ಚೆನ್ನಾಗಿ ನೋಡಿದೆ. ದುಂಡಗಿನ ಟೇಬಲ್ ಸಿಗಲಿಲ್ಲ. ಉದ್ದದ್ದರಲ್ಲೇ ಕೂತು ಕೂಗಾಡಿದೆವು.

ಬಿಲ್ಲಿನ ವಿಷಯ ನಾನೇ ಮೊದಲು ಎತ್ತಿದೆ. ಹಂಚಿಕೊಂಡದ್ದು ಸಮ, ಕುಡಿದದ್ದು ಅವರವರದ್ದು. ಹೋದ ಸಲ ಮುಖ ಊದಿಸಿಕೊಂಡಿದ್ದವನ ಕಡೆ ತಿರುಗಿ "ಈಗ ಸಮಾಧಾನವಾ?" ಅಂದೆ. ಅವನಿಗೆ ಅರ್ಥವೇ ಆಗಲಿಲ್ಲ. ಆವತ್ತು ಅವನಿಗೆ ಹಲ್ಲುನೋವು ಇತ್ತಂತೆ. ಮುಖ ನಿಜವಾಗಿಯೂ ಊದಿತ್ತಂತೆ! ಎರಡು ತಿಂಗಳು ಅವನ ಬಿಲ್ಲಿನ ಚಿಂತೆ ಮಾಡಿದ್ದು ನನ್ನ ದಂಡ.

ಹೊರಡುವಾಗ ಒಬ್ಬಳು "ಮುಂದಿನ ಸಲ ಊಟ ಎಲ್ಲಿ ಮಾಡೋಣ, ನೀನೇ ಹೇಳು" ಅಂದಳು. ನಾನು ಚಪ್ಪಲಿ ಹಾಕಿಕೊಳ್ಳುತ್ತಾ "ಎಲ್ಲಾದ್ರೂ ಸರಿ ಕಣೇ" ಅಂದೆ. ತಲೆ ಎತ್ತಿದರೆ ಐದೂ ಜನ ನನ್ನನ್ನೇ ನೋಡುತ್ತಿದ್ದಾರೆ.

ಸುಮ್ನೆ ಬಂದೆ

ಮೇಸ್ತ್ರಿಯೇ ಅಬಿಲೀನ್‌ಗೆ ಹೊರಟರು.

ಟೇಬಲ್ ನಂಬರ್ 7

ಮೊದಲೇ ಹೇಳಿದಿರಿ ತಾನೇ ಬಿಲ್ಲಿನ ವಿಷಯ? ಅಲ್ಲಿಯ ಹುಡುಗ ನಿಮ್ಮನ್ನು ಹರಸಿರುತ್ತಾನೆ.

ನೀರು ಸಾಕು (ಭಾನುವಾರ, ಮಧ್ಯಾಹ್ನ 12:05)

ನೀವು ನೋಡಿದ್ದು ಯಾವ ಸಿನಿಮಾ ಅಂತ ನನಗೊಬ್ಬನಿಗೆ ಹೇಳಿ. ನಿನ್ನೆ ನಾವೂ ಹೋಗಿದ್ದೆವು, ಊಟ ಮುಗಿಸಿಕೊಂಡು. ಅದೇ ಆಗಿದ್ದರೆ ಕೊನೆ ಏನಾಯಿತು ಅಂತ ನಿಮ್ಮನ್ನೇ ಕೇಳಬೇಕು. ಈ ಸಲ ಹೆಂಡತಿಯೂ ಮಲಗಿಬಿಟ್ಟಳು.